ಬೈಟ್ ಫೋರ್ಸ್: ಒಂದೇ ಸಲ ಸೋತ ಜಟ್ಟಿ (ಪದೇ ಪದೇ ಕೇಳುವ ಪ್ರಶ್ನೆಗಳು)

ಯೂಟ್ಯೂಬಿನಲ್ಲಿ ಕಿಡಿ ಹಾರುವ ತುಣುಕೊಂದನ್ನು ನೋಡಿ 'ಇದೇನು ಮಾರಾಯ, ಎರಡು ಕಬ್ಬಿಣದ ಪೆಟ್ಟಿಗೆ ಹೊಡೆದಾಡ್ತಿವೆ?' ಅಂತ ಕೇಳುವ ಗೆಳೆಯರು ನನಗೆ ಬಹಳ. ನೆಂಟರ ಮಕ್ಕಳೂ ಕೇಳುತ್ತಾರೆ. ಪ್ರತಿ ಸಲ ಟೂಮ್‌ಸ್ಟೋನ್ ಎಂಬ ರೋಬೋಟಿನಿಂದ ಶುರುವಾದ ಮಾತು ಕೊನೆಗೆ ಬೈಟ್ ಫೋರ್ಸ್ ಹತ್ತಿರ ಬಂದು ನಿಲ್ಲುತ್ತದೆ. ಹೇಳಿದ್ದನ್ನೇ ಹೇಳುವುದರ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಪ್ರಶ್ನೆಗೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡೇ ಸಾಲು. ನನಗೆ ಇಷ್ಟವಾದದ್ದರ ಬಗ್ಗೆ ಜಾಸ್ತಿ ಮಾತಾಡಿದ್ದೇನೆ ಅಷ್ಟೇ.

ಬೈಟ್ ಫೋರ್ಸ್ ಅಂದರೆ ಏನು?

ಅಮೆರಿಕದ 'ಬ್ಯಾಟಲ್‌ಬಾಟ್ಸ್' ಎಂಬ ಟಿವಿ ಸ್ಪರ್ಧೆಯಲ್ಲಿ ಕಾದಾಡಿದ ರೋಬೋಟ್. 2015, 2018, 2019, ಹೀಗೆ ಮೂರು ಸಲ ಚಾಂಪಿಯನ್. ಆ ಸ್ಪರ್ಧೆ 2015ರಲ್ಲಿ ಹೊಸದಾಗಿ ಶುರುವಾದ ಮೇಲೆ ಇನ್ಯಾವ ರೋಬೋಟ್ ಕೂಡ ಎರಡು ಸಲ ಗೆದ್ದಿಲ್ಲ. ಟಿವಿಯ ಅಖಾಡದಲ್ಲಿ ಇದು ಸೋತದ್ದು ಒಂದೇ ಒಂದು ಪಂದ್ಯ. ಆ ಸೋಲಿನ ಕಥೆ ಮುಂದೆ ಬರುತ್ತದೆ.

ರಿಮೋಟ್ ಹಿಡಿದು ಓಡಿಸ್ತಾರಲ್ಲ, ಇದನ್ನು ರೋಬೋಟ್ ಅನ್ನಬಹುದೇ?

ಈ ತಕರಾರು ಹಳೆಯದು. ಹೌದು, ಗಾಜಿನಂಥ ಗೋಡೆಯ ಆಚೆ ನಿಂತ ಮನುಷ್ಯನೇ ಓಡಿಸುತ್ತಾನೆ. ಪಂಡಿತರು ಒಪ್ಪದಿದ್ದರೆ 'ಆಟಿಕೆ ಕಾರಿನ ದೊಡ್ಡಣ್ಣ' ಅಂತ ಕರೆಯಲಿ, ಜಗಳವಿಲ್ಲ. ಆದರೆ ಆ ದೊಡ್ಡಣ್ಣನ ತೂಕ 250 ಪೌಂಡ್, ಅಂದರೆ ಸುಮಾರು 113 ಕೆ.ಜಿ. ಎರಡು ಮೂಟೆ ಸಿಮೆಂಟಿಗಿಂತ ಹೆಚ್ಚು. ಆ ಭಾರ ಗಾಳಿಯಲ್ಲಿ ಪಲ್ಟಿ ಹೊಡೆಯುವುದನ್ನು ಒಮ್ಮೆ ನೋಡಿದರೆ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಮನಸ್ಸಾಗುವುದಿಲ್ಲ.

ಕಟ್ಟಿದವರು ಯಾರು?

ಪಾಲ್ ವೆಂಟಿಮಿಲಿಯಾ, ಅವರ ತಂಡ ಆಪ್ಟಿಕ್ಸ್ ಡಿಸೈನ್ಸ್. ಈ ಮನುಷ್ಯನನ್ನು ಬರೀ ಹೊಡೆದಾಟದ ಹುಚ್ಚ ಅಂದುಕೊಂಡರೆ ತಪ್ಪು. ನಾಸಾ ಸಂಸ್ಥೆ ಹಿಂದೆ ಒಂದು ಪಂದ್ಯ ಇಟ್ಟಿತ್ತು: ಚಂದ್ರನ ಮಣ್ಣಿನಂಥದೇ ಪುಡಿಮಣ್ಣನ್ನು ರೋಬೋಟ್ ಅಗೆದು ತುಂಬಬೇಕು, ಅರ್ಧ ಗಂಟೆಯಲ್ಲಿ ಕನಿಷ್ಠ 150 ಕೆ.ಜಿ. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಆ ಸ್ಪರ್ಧೆಯಲ್ಲಿ ವೆಂಟಿಮಿಲಿಯಾ ಮುಂದಾಳಾಗಿದ್ದ ತಂಡ 439 ಕೆ.ಜಿ. ಅಗೆದು ಮೊದಲ ಬಹುಮಾನದ 5 ಲಕ್ಷ ಡಾಲರ್ ಗೆದ್ದಿತು. ಆಗ ಅವರು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಪಾಲಿಟೆಕ್ನಿಕ್ ವಿದ್ಯಾರ್ಥಿ.

ಇದನ್ನು ಯಾಕೆ ಹೇಳಿದೆ ಅಂದರೆ, ಬೈಟ್ ಫೋರ್ಸ್ ನೋಡಿದಾಗಲೆಲ್ಲ ನನಗೆ ಆ ಮಣ್ಣು ಅಗೆಯುವ ಯಂತ್ರ ನೆನಪಾಗುತ್ತದೆ. ಅಲ್ಲಿ ಗೆಲ್ಲಲು ಬೇಕಾದದ್ದು ಧೂಳಿನಲ್ಲಿ ಅರ್ಧ ಗಂಟೆ ಕೆಡದೆ ಕೆಲಸ ಮಾಡುವ ಯಂತ್ರ. ಇಲ್ಲಿ ಬೇಕಾದದ್ದು ಏಟು ತಿನ್ನುತ್ತಾ ಮೂರು ನಿಮಿಷ ಕೆಡದೆ ಇರುವ ಯಂತ್ರ.

ಬ್ಯಾಟಲ್‌ಬಾಟ್ಸ್ ಮೊದಲಿಂದಲೂ ಇತ್ತಲ್ಲವೇ?

ಇತ್ತು. ಗ್ರೆಗ್ ಮನ್ಸನ್, ಟ್ರೇ ರಾಸ್ಕಿ ಎಂಬ ಇಬ್ಬರು ಸೋದರಸಂಬಂಧಿಗಳು 1999ರಲ್ಲಿ ಶುರು ಮಾಡಿದ್ದು. 2000ದಿಂದ 2002ರವರೆಗೆ ಕಾಮಿಡಿ ಸೆಂಟ್ರಲ್ ಚಾನೆಲ್ಲಿನಲ್ಲಿ ಐದು ಸೀಸನ್ ಬಂತು, ನಿಂತಿತು. ಇದಕ್ಕೂ ಮುಂಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾರ್ಕ್ ಥಾರ್ಪ್ ಎಂಬವರು 1994ರಲ್ಲಿ 'ರೋಬೋಟ್ ವಾರ್ಸ್' ನಡೆಸಿದ್ದರು. ಅದೇ ಹೆಸರು ಬ್ರಿಟನ್ನಿಗೆ ಹೋಗಿ 1998ರಿಂದ ಬಿಬಿಸಿಯಲ್ಲಿ ಮನೆಮಾತಾಯಿತು.

ಹದಿಮೂರು ವರ್ಷದ ವನವಾಸ ಮುಗಿಸಿ 2015ರಲ್ಲಿ ಬ್ಯಾಟಲ್‌ಬಾಟ್ಸ್ ಎಬಿಸಿ ಚಾನೆಲ್ಲಿನಲ್ಲಿ ಮತ್ತೆ ಬಂತು. ಅಷ್ಟರಲ್ಲಿ ಮೊಬೈಲ್ ಫೋನು, ಡ್ರೋನುಗಳ ದಯೆಯಿಂದ ಹಗುರಾಗಿದ್ದೂ ಹೆಚ್ಚು ಶಕ್ತಿ ಕೊಡುವ ಲಿಥಿಯಂ ಬ್ಯಾಟರಿ, ಬ್ರಶ್‌ಲೆಸ್ ಮೋಟಾರುಗಳು ಸಿಗುವಂತಾಗಿದ್ದವು. ಹಳೆ ಕಾಲದ ರೋಬೋಟುಗಳು ಒಂದನ್ನೊಂದು ತಳ್ಳಾಡುತ್ತಿದ್ದರೆ, ಹೊಸವು ಒಂದನ್ನೊಂದು ಚಿಂದಿ ಮಾಡತೊಡಗಿದವು.

2015ರ ಬೈಟ್ ಫೋರ್ಸ್ ಈಗ ಕ್ಲಿಪ್ಪುಗಳಲ್ಲಿ ಕಾಣುವ ಹಾಗೇ ಇತ್ತೇ?

ಇಲ್ಲ! ತುಂಬಾ ಜನ ಮುಗ್ಗರಿಸುವುದು ಇಲ್ಲೇ. ಹೆಸರೊಂದೇ, ಯಂತ್ರ ಬೇರೆ ಬೇರೆ.

ಮೊದಲ ಬೈಟ್ ಫೋರ್ಸ್‌ಗೆ ಚಕ್ರಗಳ ಬದಲು ಟ್ಯಾಂಕಿಗಿರುವಂಥ ಪಟ್ಟಿಗಳಿದ್ದವು. ಆ ಪಟ್ಟಿಗಳಲ್ಲಿ ಅಯಸ್ಕಾಂತ. ಅಖಾಡದ ನೆಲ ಉಕ್ಕಿನದು, ಹಾಗಾಗಿ ರೋಬೋಟ್ ನೆಲಕ್ಕೆ ಕಚ್ಚಿಕೊಂಡೇ ಓಡುತ್ತಿತ್ತು. ನಿಯಮದ ಪ್ರಕಾರ ತೂಕ 250 ಪೌಂಡ್ ದಾಟುವಂತಿಲ್ಲ, ಆದರೆ ಅಯಸ್ಕಾಂತದ ಸೆಳೆತ ತಕ್ಕಡಿಯಲ್ಲಿ ಕಾಣುವುದಿಲ್ಲ ನೋಡಿ. ತೂಕ ಹೆಚ್ಚಿಸದೆ ಹಿಡಿತ ಹೆಚ್ಚಿಸುವ ಉಪಾಯ ಅದು. ಕಬಡ್ಡಿ ಆಡುವವರಿಗೆ ಬೇಗ ಅರ್ಥವಾಗುತ್ತದೆ: ಕಾಲೂರಿ ನಿಲ್ಲುವುದು ಬಂದರೆ ಅರ್ಧ ಆಟ ಗೆದ್ದಂತೆ.

ಮುಂದೆ ಎತ್ತುವ ಕೈ, ಮೇಲಿಂದ ಹಿಡಿಯುವ ದವಡೆ. ಎದುರಾಳಿಯನ್ನು ಕಚ್ಚಿ, ಎತ್ತಿ, ಹೊತ್ತೊಯ್ದು ಗೋಡೆಗೆ ಅಪ್ಪಳಿಸುವುದು. 'ಕಚ್ಚುವ ಬಲ' ಅನ್ನುವ ಹೆಸರು ಅಂಟಿಕೊಂಡದ್ದು ಆ ದವಡೆಯ ಕಾಲದಿಂದ. ಆಮೇಲೆ ದವಡೆ ಹೋಯಿತು, ಹೆಸರು ಉಳಿಯಿತು.

2015ರ ಫೈನಲ್ ಬಗ್ಗೆ ಹೇಳಿ.

ಸೆಮಿಫೈನಲ್‌ನಲ್ಲಿ ಎದುರಾದದ್ದು ಘೋಸ್ಟ್ ರಾಪ್ಟರ್. ಆ ಸೀಸನ್ನಿನ ಅತಿ ದೊಡ್ಡ ಗಲಾಟೆಗೆ ಸಿಕ್ಕಿಕೊಂಡಿದ್ದ ರೋಬೋಟ್ ಅದು. ಅದರ ಮೊದಲ ಎದುರಾಳಿ ಕಂಪ್ಲೀಟ್ ಕಂಟ್ರೋಲ್, ಉಡುಗೊರೆ ಪೊಟ್ಟಣದಂಥ ಡಬ್ಬಿಯಲ್ಲಿ ಬಲೆ ಅಡಗಿಸಿ ತಂದು ಘೋಸ್ಟ್ ರಾಪ್ಟರಿನ ತಿರುಗುವ ಅಲಗಿಗೆ ಸುತ್ತಿಸಿಬಿಟ್ಟಿತ್ತು. ದೊಡ್ಡ ರಂಪವಾಗಿ ಪಂದ್ಯವನ್ನು ಮತ್ತೆ ಆಡಿಸಿದರು, ಘೋಸ್ಟ್ ರಾಪ್ಟರ್ ಗೆದ್ದಿತು. ನನ್ನನ್ನು ಕೇಳಿದರೆ ಬಲೆ ತಂದವರದು ತಪ್ಪಲ್ಲ, ನಿಯಮ ಬರೆದವರು ನಿದ್ದೆ ಮಾಡಿದ್ದರು.

ಅದನ್ನು ದಾಟಿ ಬೈಟ್ ಫೋರ್ಸ್ ಫೈನಲ್‌ಗೆ ಬಂತು. ಎದುರಿಗೆ ಟೂಮ್‌ಸ್ಟೋನ್. ರೇ ಬಿಲ್ಲಿಂಗ್ಸ್ ಕಟ್ಟಿದ ಈ ರೋಬೋಟಿನ ವಿನ್ಯಾಸ ಕ್ರೂರ ಎನ್ನುವಷ್ಟು ಸರಳ: ಎರಡು ಚಕ್ರ, ಮುಂದೆ ನೆಲಕ್ಕೆ ಸಮಾನಾಂತರವಾಗಿ ಗಿರ್ರನೆ ತಿರುಗುವ ದಪ್ಪ ಉಕ್ಕಿನ ಪಟ್ಟಿ. ಹೊಲದಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ರೊಚ್ಚು ಬಂದರೆ ಹೇಗಿರಬಹುದೋ ಹಾಗೆ. ಆ ವರ್ಷ ಅದರ ಮುಂದೆ ನಿಂತವರ ಚಕ್ರ, ಕವಚ, ಮಾನ ಯಾವುದೂ ಪೂರ್ತಿ ಉಳಿದಿರಲಿಲ್ಲ.

ಅಂಥದ್ದರ ಎದುರು, ತಿರುಗುವ ಆಯುಧವೇ ಇಲ್ಲದ ಯಂತ್ರ. ಪಂದ್ಯ ಮೂರು ನಿಮಿಷ ಪೂರ್ತಿ ನಡೆದು ತೀರ್ಪುಗಾರರ ಕೈಗೆ ಹೋಯಿತು. ಗೆದ್ದದ್ದು ಬೈಟ್ ಫೋರ್ಸ್.

ತಿರುಗುವ ಆಯುಧದವರ ಒಂದು ದೌರ್ಬಲ್ಯ ಇಲ್ಲಿ ತಿಳಿದಿರಬೇಕು. ಪ್ರತಿ ಏಟಿನ ನಂತರ ಅಲಗಿನ ವೇಗ ಇಳಿಯುತ್ತದೆ, ಮತ್ತೆ ಏರಲು ಕೆಲವು ಸೆಕೆಂಡು ಬೇಕು. ಮೊದಲ ಏಟನ್ನು ತಾಳಿಕೊಂಡು, ಆ ಸೆಕೆಂಡುಗಳಲ್ಲಿ ಮೈಮೇಲೆ ಬಿದ್ದು ತಳ್ಳುತ್ತಲೇ ಇದ್ದರೆ ಆಯುಧ ಬರೀ ಭಾರವಾಗಿ ಉಳಿಯುತ್ತದೆ. ಹೇಳುವುದು ಸುಲಭ. 'ಮೊದಲ ಏಟನ್ನು ತಾಳಿಕೊಂಡು' ಅನ್ನುವ ಜಾಗದಲ್ಲೇ ಮುಕ್ಕಾಲು ಪಾಲು ಜನ ಮನೆಗೆ ಹೋಗುತ್ತಾರೆ.

ಹಾಗಾದರೆ ಆ ಒಂದು ಸೋಲು?

2016. ಚಾಂಪಿಯನ್ ಪಟ್ಟ ಹೊತ್ತು ಬಂದ ಬೈಟ್ ಫೋರ್ಸ್, 32 ರೋಬೋಟುಗಳ ಸುತ್ತಿನಲ್ಲಿ ಚಾಂಪ್ ಎಂಬ ರೋಬೋಟಿಗೆ ಸೋತಿತು. ಚಾಂಪಿನ ಒಡತಿ ಜೋಯಿ ಸ್ಟೀಫನ್ಸನ್. ನಾಕ್‌ಔಟ್ ಅಲ್ಲ, ತೀರ್ಪುಗಾರರ ಅಂಕಗಳಲ್ಲಿ ಸೋಲು, ಅದೂ ಮೂವರಲ್ಲಿ ಒಮ್ಮತವಿಲ್ಲದೆ. ಆ ವರ್ಷದ ಅತಿ ದೊಡ್ಡ ಅಚ್ಚರಿ ಅದೇ. ಕೊನೆಗೆ ಬಾಂಬ್‌ಶೆಲ್ ರೋಬೋಟನ್ನು ಸೋಲಿಸಿ ಪದಕ ಹೊತ್ತದ್ದು ಟೂಮ್‌ಸ್ಟೋನ್.

'ಮೋಸವಾಯ್ತು' ಎಂದು ಈಗಲೂ ವಾದಿಸುವವರಿದ್ದಾರೆ. ಆ ವಾದದಲ್ಲಿ ನನಗೆ ಆಸಕ್ತಿ ಇಲ್ಲ. ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದರೆ ಯಾರ ತೀರ್ಪೂ ಬೇಕಿಲ್ಲ. ತೀರ್ಪಿನವರೆಗೆ ಬಿಟ್ಟಿರಿ ಅಂದರೆ ಅರ್ಧ ಹಣೆಬರಹವನ್ನು ಇನ್ನೊಬ್ಬರ ಕೈಗೆ ಕೊಟ್ಟಿರಿ ಅಂತಲೇ. 2018ರಲ್ಲಿ ಮರಳಿ ಬಂದ ಬೈಟ್ ಫೋರ್ಸ್ ಈ ಮಾತನ್ನು ಚೆನ್ನಾಗಿ ಮನಸ್ಸಿಗೆ ಹಾಕಿಕೊಂಡ ಹಾಗಿತ್ತು.

2018ರ ಯಂತ್ರದಲ್ಲಿ ಏನು ಬದಲಾಗಿತ್ತು?

ಎಲ್ಲ. ಪಟ್ಟಿಗಳಿಲ್ಲ, ನಾಲ್ಕು ಚಕ್ರ. ದವಡೆಯಿಲ್ಲ, ಮುಂಭಾಗದಲ್ಲಿ ಎರಡು ಕಂಬಗಳ ನಡುವೆ ನೆಟ್ಟಗೆ ತಿರುಗುವ ಉಕ್ಕಿನ ಬಾರ್. ಸೈಕಲ್ಲಿನ ಚಕ್ರ ತಿರುಗುವ ದಿಕ್ಕಿನ ಸಮತಲ, ಆದರೆ ಉಲ್ಟಾ ಸುತ್ತು: ಮುಂದಿನ ತುದಿ ಕೆಳಗಿಂದ ಮೇಲಕ್ಕೆ ಹೊಡೆಯುತ್ತದೆ. ಇಂಥದ್ದಕ್ಕೆ ಈ ವಲಯದಲ್ಲಿ 'ವರ್ಟಿಕಲ್ ಸ್ಪಿನ್ನರ್' ಅನ್ನುತ್ತಾರೆ. 'ವರ್ಟ್' ಅಂದರೂ ಗೊತ್ತಾಗುತ್ತದೆ.

ಗೆದ್ದ ವಿನ್ಯಾಸವನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಟೂಮ್‌ಸ್ಟೋನ್ ವರ್ಷ ವರ್ಷವೂ ಅದೇ ಟೂಮ್‌ಸ್ಟೋನ್. ಜನ ಅದನ್ನು ಪ್ರೀತಿಸುವುದೂ ಅದಕ್ಕೇ. ವೆಂಟಿಮಿಲಿಯಾಗೆ ಮಾತ್ರ ತಮ್ಮದೇ ಯಂತ್ರದ ಮೇಲೆ ಅಂಥ ಮೋಹ ಇದ್ದಂತಿಲ್ಲ. ಈ ರೋಬೋಟಿನ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಒಂದು ಕಾರಣಕ್ಕೆ.

ನೆಟ್ಟಗೆ ತಿರುಗಿದರೇನು, ಅಡ್ಡಕ್ಕೆ ತಿರುಗಿದರೇನು? ಏಟು ಏಟೇ ತಾನೇ?

ಅಲ್ಲ. ಇದು ನನ್ನ ಮೆಚ್ಚಿನ ಪ್ರಶ್ನೆ, ಸ್ವಲ್ಪ ತಾಳ್ಮೆ ಇರಲಿ.

ನೀವು ಎಷ್ಟು ಬಲದಿಂದ ಹೊಡೆಯುತ್ತೀರೋ ಅಷ್ಟೇ ಬಲ ನಿಮಗೆ ತಿರುಗಿ ಬರುತ್ತದೆ. ಹೈಸ್ಕೂಲಿನ ನ್ಯೂಟನ್. ಟೂಮ್‌ಸ್ಟೋನ್ ಅಡ್ಡಕ್ಕೆ ಹೊಡೆದಾಗ ಎದುರಾಳಿ ಒಂದು ಕಡೆ ಹಾರಿದರೆ ಟೂಮ್‌ಸ್ಟೋನ್ ಇನ್ನೊಂದು ಕಡೆ ಗಿರಕಿ ಹೊಡೆಯುತ್ತದೆ. ಕೆಲವೊಮ್ಮೆ ತನ್ನ ಏಟಿಗೆ ತಾನೇ ಬಲಿ. ನೆಟ್ಟಗೆ ತಿರುಗುವ ಆಯುಧ ಕೆಳಗಿಂದ ಮೇಲಕ್ಕೆ ಹೊಡೆದಾಗ ಎದುರಾಳಿ ಮೇಲೆ ಹಾರುತ್ತದೆ, ತಿರುಗಿ ಬಂದ ಬಲ ನಮ್ಮ ರೋಬೋಟನ್ನು ನೆಲಕ್ಕೆ ಅದುಮುತ್ತದೆ. ಅಂದರೆ ಪೆಟ್ಟಿನ ಮರುಪೆಟ್ಟನ್ನು ಅಖಾಡದ ನೆಲವೇ ನುಂಗುತ್ತದೆ. ಜೊತೆಗೆ ಹಾರಿದವನು ಕೆಳಗೆ ಬೀಳಲೇಬೇಕಲ್ಲ? ಆ ಬೀಳು ಪುಕ್ಕಟೆ ಸಿಗುವ ಎರಡನೆಯ ಏಟು.

ಹಾಗಿದ್ದರೆ ಎಲ್ಲರೂ ಇದನ್ನೇ ಯಾಕೆ ಮಾಡಬಾರದು? ಈಗೀಗ ಬಹುಪಾಲು ಮಾಡುತ್ತಿದ್ದಾರೆ, ಆದರೆ ಇದರ ಕಾಟ ಬೇರೆ. ಬುಗುರಿ ಆಡಿದವರಿಗೆ ನೆನಪಿರಬಹುದು: ತಿರುಗುತ್ತಿರುವ ಬುಗುರಿಯನ್ನು ಬೆರಳಿಂದ ತಳ್ಳಿದರೆ ತಳ್ಳಿದ ಕಡೆಗೆ ವಾಲುವುದಿಲ್ಲ, ಅಡ್ಡಡ್ಡ ಜಾರುತ್ತದೆ. ನೆಟ್ಟಗೆ ತಿರುಗುವ ಭಾರಿ ಬಾರ್ ಹೊತ್ತ ರೋಬೋಟ್ ಜೋರಾಗಿ ಎಡಕ್ಕೋ ಬಲಕ್ಕೋ ತಿರುಗಿದರೆ ಅದೇ ಆಗುತ್ತದೆ, ಒಂದು ಬದಿಯ ಚಕ್ರಗಳು ನೆಲ ಬಿಟ್ಟು ಏಳುತ್ತವೆ. ಚಾಲಕ ಎಚ್ಚರ ತಪ್ಪಿದರೆ ಎದುರಾಳಿಯ ಹಂಗೇ ಇಲ್ಲದೆ ತಾನೇ ಮಗುಚಿಕೊಳ್ಳಬಹುದು. ಹಾಗಾಗಿ ಆಯುಧ ಭಾರ ಇದ್ದರೂ ರೋಬೋಟ್ ಎಡಬಲಕ್ಕೆ ತಿರುಗುವುದು ಹದವಾಗಿರಬೇಕು, ಯಾವಾಗಲೂ ಎದುರಾಳಿಗೆ ಮುಖ ಕೊಟ್ಟೇ ಇರಬೇಕು. ಬೈಟ್ ಫೋರ್ಸ್ ಓಡಾಟವನ್ನು ಧ್ವನಿ ಮುಚ್ಚಿ ನೋಡಿ. ಅವಸರವೇ ಇಲ್ಲ. ಬೆನ್ನು ತೋರಿಸುವುದು ಅಪರೂಪ.

ಇನ್ನು ನೆಲದ ಆಟ. ಯಾರ ಮೂತಿ ನೆಲಕ್ಕೆ ಹೆಚ್ಚು ಹತ್ತಿರವೋ ಅವರು ಇನ್ನೊಬ್ಬರ ಕೆಳಗೆ ನುಗ್ಗುತ್ತಾರೆ, ಮೇಲೆ ಹತ್ತಿದವರಿಗೆ ಬಾರಿನ ಸೇವೆ. ಒಂದು ಮಿಲಿಮೀಟರ್ ಕೂಡ ಇಲ್ಲಿ ದೊಡ್ಡದು. ಮುಂದೆ ಚಾಚಿರುವ ಫೋರ್ಕುಗಳು, ಇಳಿಜಾರು ತಗಡುಗಳು ಎಲ್ಲ ಅದಕ್ಕೇ. ದೋಸೆ ಹಂಚಿಗೆ ಸಟ್ಟುಗ ಹಾಕುವ ಹಾಗೆ: ಸಟ್ಟುಗದ ತುದಿ ಸವೆದು ದಪ್ಪವಾಗಿದ್ದರೆ ದೋಸೆ ಹರಿಯುತ್ತದೆ, ಏಳುವುದಿಲ್ಲ.

ಆಯುಧದ ಏಟು ಎಷ್ಟು ಜೋರು? ಲೆಕ್ಕದಲ್ಲಿ ಹೇಳಿ.

ಸ್ಪರ್ಧೆಯ ನಿಯಮದಲ್ಲಿ ಆಯುಧದ ತುದಿಯ ವೇಗಕ್ಕೆ ಮಿತಿ ಇದೆ, ಗಂಟೆಗೆ 250 ಮೈಲಿ, ಅಂದರೆ ಸುಮಾರು 400 ಕಿ.ಮೀ. ಬೈಟ್ ಫೋರ್ಸಿನದೇ ಅಂಕಿ ಬೇಡ, ಒಂದು ಮಾದರಿ ಲೆಕ್ಕ ಹಾಕೋಣ. 25 ಕೆ.ಜಿ. ತೂಕದ ನೇರ ಬಾರ್, ತುದಿಯ ವೇಗ ಸೆಕೆಂಡಿಗೆ 100 ಮೀಟರ್. ನಡುವಿನಿಂದ ತಿರುಗುವ ಬಾರಿನ ಚಲನಶಕ್ತಿ ಎಂದರೆ ತೂಕವನ್ನು ತುದಿಯ ವೇಗದ ವರ್ಗದಿಂದ ಗುಣಿಸಿ ಆರರಿಂದ ಭಾಗಿಸಿದ್ದು. ಸುಮಾರು 41,700 ಜೌಲ್ ಬರುತ್ತದೆ. ಒಂದು ಟನ್ನಿನ ಕಾರು ಗಂಟೆಗೆ 33 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದರೆ ಅಷ್ಟು. ಆ ಗುದ್ದೆಲ್ಲ ಹೆಬ್ಬೆರಳಗಲದ ಉಕ್ಕಿನ ಹಲ್ಲಿನ ಮೂಲಕ ಬರುತ್ತದೆ ಎಂದು ಊಹಿಸಿಕೊಳ್ಳಿ.

ಹಾಗಾದರೆ ವೇಗ ಹೆಚ್ಚಿದಷ್ಟೂ ಒಳ್ಳೆಯದು?

ಹೊಸಬರು ಎಡವುವ ಕಲ್ಲು ಇದು. ಫ್ಯಾನ್ ಜೋರಾಗಿ ತಿರುಗುವಾಗ ಪೆನ್ಸಿಲ್ ತಾಗಿಸಿದರೆ ರೆಕ್ಕೆ ಪೆನ್ಸಿಲನ್ನು ಕಚ್ಚುವುದಿಲ್ಲ, ಟರ್ರ್ ಎಂದು ಸವರಿ ಬಿಡುತ್ತದೆ. ಹಲ್ಲು ಆಳಕ್ಕೆ ಇಳಿಯಬೇಕಾದರೆ, ಒಂದು ಹಲ್ಲು ಹೋಗಿ ಇನ್ನೊಂದು ಬರುವಷ್ಟರಲ್ಲಿ ಎದುರಾಳಿ ಒಳಗೆ ಬಂದಿರಬೇಕು.

ಎರಡು ಹಲ್ಲಿನ ಬಾರ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದ್ದು, ನೀವು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗಿದರೆ, ಎರಡು ಹಲ್ಲಿನ ನಡುವೆ ಎದುರಾಳಿ 6 ಸೆಂ.ಮೀ.ಗೂ ಹೆಚ್ಚು ಒಳಬರುತ್ತಾನೆ. ಒಳ್ಳೆ ತುತ್ತು. ಅದೇ 9,000 ಸುತ್ತು ತಿರುಗಿಸಿದರೆ 1.7 ಸೆಂ.ಮೀ.ಗೂ ಕಡಿಮೆ. ಕಿಡಿ ಹಾರುತ್ತದೆ, ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಏಟು ಕೂರುವುದಿಲ್ಲ. ಅದಕ್ಕೇ ಕೆಲವರು ಒಂದೇ ಹಲ್ಲಿನ ಬಿಲ್ಲೆ ಮಾಡಿಕೊಳ್ಳುತ್ತಾರೆ, ಕೆಲವರು ಸುತ್ತು ಇಳಿಸುತ್ತಾರೆ, ಎಲ್ಲರೂ ಎದುರಾಳಿಯ ಮೇಲೆ ಜೋರಾಗಿ ನುಗ್ಗುತ್ತಾರೆ.

2018ರಲ್ಲಿ ಹೇಗೆ ಗೆದ್ದಿತು?

ಆ ಹೊತ್ತಿಗೆ ಎಬಿಸಿ ಕೈಬಿಟ್ಟು, ಡಿಸ್ಕವರಿ ಮತ್ತು ಸೈನ್ಸ್ ಚಾನೆಲ್ ಸ್ಪರ್ಧೆಯನ್ನು ಎತ್ತಿಕೊಂಡಿದ್ದವು. ಚಿತ್ರೀಕರಣ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ. ಪದ್ಧತಿಯೂ ಬದಲಾಗಿತ್ತು. ಮೊದಲು ಒಂದೊಂದು ತಂಡಕ್ಕೆ ನಾಲ್ಕು ಪಂದ್ಯ, ಅದರಲ್ಲಿ ಚೆನ್ನಾಗಿ ಆಡಿದ 16 ಮಂದಿಗೆ ನಾಕ್‌ಔಟ್ ಸುತ್ತು. ಮೊದಲ ಪಂದ್ಯದಲ್ಲೇ ಅದೃಷ್ಟ ಕೆಟ್ಟು ಊರಿಗೆ ಹೊರಡುವ ಪಾಡು ತಪ್ಪಿತು. ಆದರೆ ಕೊನೆತನಕ ಹೋಗುವವರ ಯಂತ್ರ ಎಂಟು ಕಾಳಗ ತಾಳಬೇಕಾಯಿತು. ಗಟ್ಟಿ ಯಂತ್ರಕ್ಕೆ ಹೇಳಿ ಮಾಡಿಸಿದ ಪದ್ಧತಿ.

ಬೈಟ್ ಫೋರ್ಸ್ ಒಂದೂ ಸೋಲಲಿಲ್ಲ. ಆ ಸೀಸನ್ನಿನಲ್ಲಿ ಸುತ್ತಿಗೆಯ ರೋಬೋಟ್ ಬ್ಲ್ಯಾಕ್‌ಸ್ಮಿತ್ ಜೊತೆ ನಡೆದ ಪಂದ್ಯವನ್ನು ಅಭಿಮಾನಿಗಳು ಇನ್ನೂ ಮೆಲುಕು ಹಾಕುತ್ತಾರೆ. ಬ್ಲ್ಯಾಕ್‌ಸ್ಮಿತ್ ಬೆಂಕಿ ಹೊತ್ತಿಕೊಂಡು ಚೂರು ಚೂರಾಗುತ್ತಿದ್ದರೂ ಹೊಡೆದಾಟ ಬಿಡಲಿಲ್ಲ. ಗೆದ್ದವರಿಗಿಂತ ಸೋತವರಿಗೇ ಹೆಚ್ಚು ಚಪ್ಪಾಳೆ ಸಿಕ್ಕ ಪಂದ್ಯ ಅದು.

ಫೈನಲ್‌ನಲ್ಲಿ ಬ್ರೆಜಿಲ್‌ನ ಮಿನೋಟಾರ್. ರಿಯೋ ಡಿ ಜನೈರೊದ ವಿಶ್ವವಿದ್ಯಾಲಯವೊಂದರ ರಿಯೋಬಾಟ್ಜ್ ತಂಡದ ಯಂತ್ರ. ಡೊಳ್ಳಿನ ಆಕಾರದ ಉಕ್ಕಿನ ಡ್ರಮ್ಮು ಮುಂದೆ ತಿರುಗುವಾಗ ಬರುವ ಸದ್ದು ಕಿವಿಯಲ್ಲಲ್ಲ, ಎದೆಯಲ್ಲಿ ಕೇಳುತ್ತದೆ. ನೋಡುವುದಕ್ಕೆ ಮಿನೋಟಾರಿನ ರೋಷವೇ ಚೆಂದ. ಆದರೂ ಪಟ್ಟ ಬೈಟ್ ಫೋರ್ಸಿಗೇ ಹೋಯಿತು.

2019?

ಮತ್ತೆ ಅಜೇಯ. ಫೈನಲ್‌ನಲ್ಲಿ ಸೋಲಿಸಿದ್ದು ವಿಚ್ ಡಾಕ್ಟರ್ ಎಂಬ ರೋಬೋಟನ್ನು, ಅದೂ ನೆಟ್ಟಗೆ ತಿರುಗುವ ಆಯುಧದ್ದೇ. ನಿಜ ಹೇಳಬೇಕೆಂದರೆ ಆ ವರ್ಷ ನನಗೆ ಸ್ವಲ್ಪ ಬೇಸರವೂ ಆಯಿತು. ಯಾರು ಗೆಲ್ಲುತ್ತಾರೆ ಎಂದು ಗೊತ್ತಿದ್ದು ನೋಡುವ ಪಂದ್ಯದಲ್ಲಿ ಏನು ರುಚಿ?

ಗೆದ್ದವರಿಗೆ ಏನು ಕೊಡುತ್ತಾರೆ?

ಒಂದು ದೈತ್ಯ ನಟ್ಟು! ಬೋಲ್ಟಿಗೆ ಹಾಕುತ್ತೇವಲ್ಲ, ಆ ಆರು ಮೂಲೆಯ ನಟ್ಟಿನ ಆಕಾರದ ದೊಡ್ಡ ಟ್ರೋಫಿ. ಹೆಸರೇ 'ಜಯಂಟ್ ನಟ್'. ಬೈಟ್ ಫೋರ್ಸ್ ತಂಡದ ಬಳಿ ಮೂರಿವೆ.

ತೀರ್ಪು ಹೇಗೆ ಕೊಡುತ್ತಾರೆ?

ರೋಬೋಟ್ ಚಲಿಸದೆ ನಿಂತರೆ ರೆಫರಿ ಹತ್ತರವರೆಗೆ ಎಣಿಸುತ್ತಾರೆ. ಅಷ್ಟರಲ್ಲಿ ಅಲುಗದಿದ್ದರೆ ನಾಕ್‌ಔಟ್. ಸುಮ್ಮನೆ ಒಂದು ಚಕ್ರ ಗಿರಗಿರ ತಿರುಗಿಸಿದರೆ ಸಾಲದು, ಹಿಡಿತದಲ್ಲಿ ಚಲಿಸಿ ತೋರಿಸಬೇಕು. ಮೂರು ನಿಮಿಷ ಮುಗಿದೂ ಇಬ್ಬರೂ ಜೀವಂತವಾಗಿದ್ದರೆ ಮೂವರು ತೀರ್ಪುಗಾರರು. ಈಚಿನ ಸೀಸನ್‌ಗಳಲ್ಲಿ ಒಬ್ಬೊಬ್ಬರ ಕೈಯಲ್ಲಿ 11 ಅಂಕ: ಹಾನಿ ಮಾಡಿದ್ದಕ್ಕೆ 5, ಮುನ್ನುಗ್ಗಿದ್ದಕ್ಕೆ 3, ಹಿಡಿತ ಸಾಧಿಸಿದ್ದಕ್ಕೆ 3. ಹಾನಿಗೆ ಹೆಚ್ಚು ಬೆಲೆ ಇರುವುದರಿಂದ ಎತ್ತಿ ಹೊತ್ತು ತಿರುಗುವ ರೋಬೋಟುಗಳಿಗೆ ಕಷ್ಟಕಾಲ. 2015ರ ಬೈಟ್ ಫೋರ್ಸ್ ಇಂದು ಅಖಾಡಕ್ಕಿಳಿದರೆ ಬೆವರಬೇಕಾಗುತ್ತಿತ್ತು.

ಇದೆಲ್ಲ ಮೊದಲೇ ಬರೆದಿಟ್ಟ ನಾಟಕವೇ, ಡಬ್ಲ್ಯೂಡಬ್ಲ್ಯೂಇ ಥರ?

ಕಾಳಗ ನಾಟಕವಲ್ಲ. ಟಿವಿಯ ಮಸಾಲೆ ಖಂಡಿತ ಇದೆ. ಯಾರ ಮೇಲೆ ಯಾರನ್ನು ಬಿಡಬೇಕೆಂದು ಆರಂಭದ ಸುತ್ತುಗಳಲ್ಲಿ ನಡೆಸುವವರೇ ನಿರ್ಧರಿಸುತ್ತಾರೆ, ಕ್ಯಾಮೆರಾ ಮುಂದೆ ತಂಡದವರು ಸವಾಲು ಹಾಕುತ್ತಾರೆ. ಫರೂಕ್ ತೌಹೀದ್ ಎಂಬ ನಿರೂಪಕರು ಒಂದೊಂದು ರೋಬೋಟನ್ನೂ ಯಕ್ಷಗಾನದ ಒಡ್ಡೋಲಗದ ಹಾಗೆ ಕೂಗಿ ಕರೆಯುತ್ತಾರೆ. ಅವರ ಪ್ರಾಸಗಳಿಗಾಗಿಯೇ ನೋಡುವವರಿದ್ದಾರೆ. ಆದರೆ ಅಖಾಡದ ಬಾಗಿಲು ಮುಚ್ಚಿದ ಮೇಲೆ ಉಕ್ಕು ಯಾರ ಮಾತೂ ಕೇಳುವುದಿಲ್ಲ.

ಅಪಾಯವಿಲ್ಲವೇ?

ಇದೆ, ಅದಕ್ಕೇ ಕಟ್ಟುನಿಟ್ಟು. ಅಖಾಡ 48 ಅಡಿ ಉದ್ದ, 48 ಅಡಿ ಅಗಲ, ಸುತ್ತ ದಪ್ಪ ಪಾಲಿಕಾರ್ಬೊನೇಟ್ ಗೋಡೆ. ಹೊರಗೆ ಇರುವಷ್ಟು ಹೊತ್ತೂ ಆಯುಧಕ್ಕೆ ಲೋಹದ ಬೀಗ. ರೇಡಿಯೋ ಸಂಪರ್ಕ ಕಡಿದರೆ ಆಯುಧ ತಾನಾಗಿ ನಿಲ್ಲಬೇಕು.

ಅಲಗಿಗಿಂತ ನನಗೆ ಭಯ ಬ್ಯಾಟರಿಯದು. ತೂತಾದ ಲಿಥಿಯಂ ಬ್ಯಾಟರಿ ಉರಿಯಲು ಶುರುವಾದರೆ ಬರುವ ಹೊಗೆ ವಿಷ, ಬೆಂಕಿಯೂ ಸುಲಭಕ್ಕೆ ಆರುವುದಿಲ್ಲ. ಕಾಲೇಜಿನ ದಿನಗಳಲ್ಲಿ ನಮ್ಮ ಪುಟ್ಟ ರೋಬೋಟಿನ ಬ್ಯಾಟರಿಯೊಂದು ಹಾಸ್ಟೆಲ್ ಕೋಣೆಯಲ್ಲಿ ಹಪ್ಪಳದಂತೆ ಉಬ್ಬಿತ್ತು. ಬಕೆಟ್ಟಿನಲ್ಲಿ ಮರಳು ತುಂಬಿ ಅದರಲ್ಲಿ ಹೂತು ಹೊರಗಿಟ್ಟು, ಮೂವರೂ ಬೆಳಗಿನವರೆಗೆ ಕಾವಲು ಕೂತೆವು. ಏನೂ ಆಗಲಿಲ್ಲ. ಮಾರನೆ ದಿನದ ಪಂದ್ಯದಲ್ಲಿ ಚಕ್ರ ಕಳಚಿ ನಲವತ್ತು ಸೆಕೆಂಡಿನಲ್ಲಿ ಸೋತೆವು, ಅದು ಬೇರೆ ಮಾತು.

ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಏನು ಮಾಡುತ್ತಾರೆ?

ನಿಜವಾದ ಸ್ಪರ್ಧೆ ನಡೆಯುವುದು ಅಲ್ಲೇ. ಬಾಗಿದ ತಗಡು ಬಡಿದು ನೇರ ಮಾಡುವುದು, ಬಿರುಕು ಬಿಟ್ಟಲ್ಲಿ ವೆಲ್ಡಿಂಗ್, ತುಂಡಾದ ಬೆಲ್ಟು, ಸುಟ್ಟ ಮೋಟಾರು ಬದಲಿಸುವುದು. ಚೆನ್ನಾಗಿ ಕಟ್ಟಿದ ರೋಬೋಟಿನಲ್ಲಿ ಮುರಿಯಬೇಕಾದ ಭಾಗ ಯಾವುದು ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಆಯುಧಕ್ಕೆ ಚೈನಿನ ಬದಲು ಬೆಲ್ಟು ಹಾಕಿದರೆ ಭಾರಿ ಏಟಿನಲ್ಲಿ ಬೆಲ್ಟು ಜಾರುತ್ತದೆ, ಮೋಟಾರು ಉಳಿಯುತ್ತದೆ. ಮನೆಯ ಫ್ಯೂಸಿನ ಕೆಲಸವೇ. ಬೈಟ್ ಫೋರ್ಸ್ ಎಷ್ಟೋ ಸಲ ಪಂದ್ಯ ಮುಗಿಸಿ ಮೈಮೇಲೆ ನಾಲ್ಕು ಗೀರು ಹೊತ್ತು ತನ್ನ ಕಾಲ ಮೇಲೆ ತಾನೇ ಹೊರಬರುತ್ತಿತ್ತು. ಎದುರಾಳಿಯನ್ನು ಗುಡಿಸಿ ತುಂಬಿಕೊಂಡು ಹೋಗುತ್ತಿದ್ದರು. ಮರುದಿನದ ಪಂದ್ಯಕ್ಕೆ ಯಾರು ನಿದ್ದೆ ಮಾಡಿ ಬರುತ್ತಾರೆ, ಯಾರು ರಾತ್ರಿಯಿಡೀ ಸ್ಪ್ಯಾನರ್ ಹಿಡಿದು ಬರುತ್ತಾರೆ ಎಂಬುದು ಅಲ್ಲೇ ತೀರ್ಮಾನವಾಗುತ್ತಿತ್ತು.

2019ರ ನಂತರ ಯಾಕೆ ಕಾಣಲಿಲ್ಲ?

ಮೂರನೇ ನಟ್ಟು ಗೆದ್ದ ಮೇಲೆ ಬೈಟ್ ಫೋರ್ಸ್ ಸ್ಪರ್ಧೆಗೆ ಮರಳಲಿಲ್ಲ. 2020ರಲ್ಲಿ ನ್ಯೂಜಿಲೆಂಡಿನ ಎಂಡ್ ಗೇಮ್ ಚಾಂಪಿಯನ್ ಆಯಿತು, ನೆಟ್ಟಗೆ ತಿರುಗುವ ಆಯುಧದ್ದೇ. ನಂತರ ಟ್ಯಾಂಟ್ರಮ್, ಆಮೇಲೆ ಸಾಬ್ಲೇಜ್. ಸಾಬ್ಲೇಜ್ ಗೆದ್ದಾಗ ನನಗೆ ಖುಷಿಯಾಯಿತು, ಯಾಕೆಂದರೆ ಅದರ ಆಯುಧ ಸುತ್ತಿಗೆಯಂತೆ ಮೇಲಿಂದ ಬಂದೆರಗುವ ಗರಗಸ. ಎಲ್ಲರೂ ಬೈಟ್ ಫೋರ್ಸಿನ ನಕಲೇ ಆಗುತ್ತಾರೇನೋ ಎಂಬ ಭಯ ಅಲ್ಲಿಗೆ ಸ್ವಲ್ಪ ಕಡಿಮೆಯಾಯಿತು.

ಟೂಮ್‌ಸ್ಟೋನ್ ದೊಡ್ಡದೋ, ಬೈಟ್ ಫೋರ್ಸ್ ದೊಡ್ಡದೋ?

ಪಟ್ಟಗಳ ಲೆಕ್ಕದಲ್ಲಿ ಮೂರಕ್ಕೆ ಒಂದು. ಮಕ್ಕಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬಿಡಿಸುವ ಚಿತ್ರಗಳ ಲೆಕ್ಕ ಹಾಕಿದರೆ ಟೂಮ್‌ಸ್ಟೋನ್ ಗೆಲ್ಲುತ್ತದೆ ಅಂತ ನನ್ನ ಊಹೆ. ನನ್ನ ಅಕ್ಕನ ಮಗ ಬಿಡಿಸುವುದು ಅದನ್ನೇ.

ನಮ್ಮಲ್ಲಿ ಇಂಥ ಕಾಳಗ ನಡೆಯುತ್ತದೆಯೇ?

ನಡೆಯುತ್ತದೆ. ದೇಶದ ಇಂಜಿನಿಯರಿಂಗ್ ಕಾಲೇಜುಗಳ ತಾಂತ್ರಿಕ ಉತ್ಸವಗಳಲ್ಲಿ 'ರೋಬೋವಾರ್' ಅಂದರೆ ಜನ ಸೇರುತ್ತಾರೆ. ಎಲ್ಲಕ್ಕಿಂತ ಹೆಸರಾದದ್ದು ಐಐಟಿ ಬಾಂಬೆಯ ಟೆಕ್‌ಫೆಸ್ಟ್. ಅಲ್ಲಿಗೆ ಹೊರದೇಶದ ತಂಡಗಳೂ ಬರುತ್ತವೆ. 15 ಕೆ.ಜಿ., 60 ಕೆ.ಜಿ. ವರ್ಗಗಳು ಇಲ್ಲಿ ರೂಢಿ.

ಬೆಂಗಳೂರಿನಲ್ಲಿದ್ದು ಶುರು ಮಾಡುವವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮೋಟಾರು, ಬ್ಯಾಟರಿ, ವೈರು ಸಿಗುತ್ತದೆ, ಲೇತ್ ಕೆಲಸಕ್ಕೆ ಪೀಣ್ಯ ಇದ್ದೇ ಇದೆ. ದಯವಿಟ್ಟು ಮೊದಲ ರೋಬೋಟಿಗೇ ತಿರುಗುವ ಆಯುಧ ಹಾಕಬೇಡಿ. ಗಟ್ಟಿಯಾಗಿ ಓಡುವ, ತಳ್ಳುವ ಪೆಟ್ಟಿಗೆ ಮಾಡಿ. ಓದಿ ಕಲಿಯುವ ಮನಸ್ಸಿದ್ದರೆ, ಮಿನೋಟಾರ್ ತಂಡದ ಪ್ರೊಫೆಸರ್ ಮಾರ್ಕೊ ಮೆಜಿಯೊಲಾರೊ ರೋಬೋಟ್ ಕಾಳಗದ ಬಗ್ಗೆ ದಪ್ಪನೆಯ ಕೈಪಿಡಿಯೊಂದನ್ನು ಬರೆದು ಉಚಿತವಾಗಿ ಹಂಚಿದ್ದಾರೆ. ಬೇರಿಂಗ್ ಯಾವುದು, ಉಕ್ಕಿನ ತಳಿ ಯಾವುದು ಎಂಬಲ್ಲಿಂದ ಹಿಡಿದು ಎಲ್ಲವೂ ಅದರಲ್ಲಿದೆ.

ನನಗೆ ಅರ್ಧ ಗಂಟೆ ಇದೆ. ಏನು ನೋಡಲಿ?

2015ರ ಫೈನಲ್ ಮೊದಲು, ಅದು ಮುಗಿದ ಕೂಡಲೇ 2019ರ ಫೈನಲ್. ಬ್ಯಾಟಲ್‌ಬಾಟ್ಸ್‌ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಹುಡುಕಿ. ಏಟು ಬೀಳುವ ಕ್ಷಣವನ್ನಲ್ಲ, ಬಿದ್ದ ನಂತರದ ಎರಡು ಸೆಕೆಂಡನ್ನು ಗಮನಿಸಿ: ಯಾರ ಚಕ್ರ ಇನ್ನೂ ನೇರ ಓಡುತ್ತಿದೆ, ಯಾರ ಆಯುಧದ ಸದ್ದು ಮತ್ತೆ ಏರುತ್ತಿದೆ. ಸಮಯ ಉಳಿದರೆ 2018ರ ಬ್ಲ್ಯಾಕ್‌ಸ್ಮಿತ್ ಪಂದ್ಯ. ಮಕ್ಕಳು ಪಕ್ಕದಲ್ಲಿದ್ದರೆ ಅದನ್ನೇ ಮೊದಲು ಹಾಕಿ, ಬೆಂಕಿ ಇದೆ.